ಹಡಗು ಕಾಯುವಷ್ಟು ಹೊತ್ತು

ನಮ್ಮ ಹುಣಸೂರು, ಪಿರಿಯಾಪಟ್ಟಣದವರಿಗೆ ಮಂಗಳೂರು ಎಂದರೆ ಘಟ್ಟ ಇಳಿದ ಮೇಲೆ ಸಿಗುವ ಊರು. ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯವರೂ ಹೆಚ್ಚಾಗಿ ಇದೇ ಮಡಿಕೇರಿ, ಸಂಪಾಜೆ, ಸುಳ್ಯದ ದಾರಿ ಹಿಡಿಯುತ್ತಾರೆ. ಧರ್ಮಸ್ಥಳ, ಸುಬ್ರಹ್ಮಣ್ಯ ಮುಗಿಸಿ, ಪಣಂಬೂರಿನ ಮರಳಲ್ಲಿ ಪ್ಯಾಂಟು ಮಡಚಿ ನಿಂತು, ಗಡ್‌ಬಡ್ ಐಸ್‌ಕ್ರೀಮ್ ತಿಂದು ರಾತ್ರಿ ಬಸ್ಸು ಹತ್ತಿದರೆ ಮಂಗಳೂರು ನೋಡಿದ ಲೆಕ್ಕ.

ಆ ಬೀಚಿನ ಮಗ್ಗುಲಲ್ಲೇ ನವಮಂಗಳೂರು ಬಂದರು. ಮಳೆಗಾಲ ಬಿಟ್ಟು ಉಳಿದ ತಿಂಗಳುಗಳಲ್ಲಿ ಅಲ್ಲಿಗೆ ವಿದೇಶಿ ಪ್ರವಾಸಿ ಹಡಗುಗಳು ಬರುತ್ತವೆ. ಬೆಳಿಗ್ಗೆ ಇಳಿದವರಿಗೆ ಯಕ್ಷಗಾನದ ವೇಷದ ಸ್ವಾಗತ, ಸೆಲ್ಫಿ. ಆಮೇಲೆ ಬಸ್ಸಲ್ಲಿ ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕುದ್ರೋಳಿ, ಮೊಸ್ಕೇನಿ ಚಿತ್ರ ಬರೆದ ಅಲೋಶಿಯಸ್ ಚಾಪೆಲ್, ಒಂದು ಗೇರುಬೀಜದ ಕಾರ್ಖಾನೆ. ಸಂಜೆಗೆ ಹಡಗು ಕೊಚ್ಚಿಗೋ ಗೋವಾಕ್ಕೋ ಹೊರಟೇಬಿಡುತ್ತದೆ. ನಮ್ಮ ಧರ್ಮಸ್ಥಳದ ಬಸ್ಸಿನವರಿಗೂ ಇವರಿಗೂ ಏನು ವ್ಯತ್ಯಾಸ, ಹೇಳಿ!

ಹಿಂದೆ ಹಡಗಲ್ಲಿ ಬಂದವರ ಕಥೆಯೇ ಬೇರೆ. 1342ರ ಸುಮಾರಿಗೆ ದೆಹಲಿ ಸುಲ್ತಾನನ ರಾಯಭಾರಿಯಾಗಿ ಚೀನಾಕ್ಕೆ ಹೊರಟಿದ್ದ ಇಬ್ನ್ ಬತೂತ ಮಂಗಳೂರಿಗೆ ಬಂದಾಗ ಅಲ್ಲಿನ ಖಾಜಿ ಹಡಗು ಹತ್ತಿ ಬಂದು ಊರಿಗೆ ಕರೆದ. ಅರಸನ ಮಗ ಒತ್ತೆಯಾಗಿ ಹಡಗಿನಲ್ಲಿ ಕೂರುವವರೆಗೂ ಇಳಿಯುವುದಿಲ್ಲ ಎಂದರು ಇಬ್ನ್ ಬತೂತನ ಕಡೆಯವರು. ರಾಜಕುಮಾರ ಬಂದು ಕೂತ. ಇವರು ಇಳಿದು ಮೂರು ದಿನ ಸತ್ಕಾರ ಪಡೆದರು. ವೀಸಾ ಮುದ್ರೆಗೆ ಸಾಲು ನಿಲ್ಲುವ ಇಂದಿನವರು ಇದನ್ನು ಕೇಳಿಸಿಕೊಳ್ಳಬೇಕು.

ಅದಕ್ಕೂ ಇನ್ನೂರು ವರ್ಷ ಹಿಂದೆ, 1132ರ ಹೊತ್ತಿಗೆ, ಟುನೀಷಿಯಾ ಮೂಲದ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು ಮಂಗಳೂರಿಗೆ ಬಂದವನು 1149ರವರೆಗೆ ನಿಂತ. ಏಡನ್ನಿಗೆ ಮೆಣಸು, ಏಲಕ್ಕಿ, ಕಬ್ಬಿಣ ಕಳಿಸಿದ; ಅಲ್ಲಿಂದ ಒಡೆದ ಪಾತ್ರೆಗಳನ್ನು ತರಿಸಿ ಹೊಸದು ಮಾಡಿಸಿದ. ಅಶು ಎಂಬ ಇಲ್ಲಿನ ಹೆಣ್ಣಿನೊಡನೆ ಸಂಸಾರ ಹೂಡಿದ. ಅವನ ವ್ಯಾಪಾರ ನೋಡಿಕೊಳ್ಳುತ್ತಿದ್ದ ಆಳು ಬೊಮ್ಮ ತುಳುನಾಡಿನವನಿರಬೇಕು. ಏಡನ್ನಿನ ಶ್ರೀಮಂತರು ತಮ್ಮ ಪತ್ರಗಳಲ್ಲಿ ಆ ಆಳಿಗೂ ಕ್ಷೇಮ ಕೇಳುತ್ತಿದ್ದರು. ಕೈರೋದ ಸಿನಗಾಗ್ ಒಂದರ ಹಳೆ ಕಾಗದದ ಕೋಣೆಯಲ್ಲಿ ಸಿಕ್ಕ ಈ ಪತ್ರಗಳ ಬೆನ್ನು ಹತ್ತಿ ಅಮಿತಾವ್ ಘೋಷ್ ಒಂದು ಪುಸ್ತಕವನ್ನೇ ಬರೆದರು.

ಹಾಯಿಹಡಗಿಗೆ ಗಾಳಿ ತಿರುಗಬೇಕಿತ್ತು. ಬಂದ ಗಾಳಿಯಲ್ಲೇ ವಾಪಸು ಹೋಗುವಂತಿರಲಿಲ್ಲ, ತಿಂಗಳುಗಟ್ಟಲೆ ಕೂರಬೇಕು. ಕೂತವರು ಬಾಡಿಗೆ ಮನೆ ಹಿಡಿದರು, ಭಾಷೆ ಕಲಿತರು, ಸಾಲ ಮಾಡಿದರು, ಜಗಳವಾಡಿದರು. ಬಂದರು ಊರಾಗಿದ್ದು ಹಾಗೆ. ಇಂದಿನ ಪ್ರವಾಸಿ ಹಡಗು ನಿಲ್ಲುವ ಹತ್ತು ಗಂಟೆಯಲ್ಲಿ ಅದು ಕಾಣುವುದು ಕಷ್ಟ.

ಇದು ಪಿರಿಯಾಪಟ್ಟಣದವರಿಗೆ ಬೇಗ ಅರ್ಥವಾಗುತ್ತದೆ, ನಮ್ಮ ಬೈಲಕುಪ್ಪೆಯೇ ಇದೆಯಲ್ಲ. ಮಡಿಕೇರಿಗೆ ಹೋಗುವ ಪ್ರವಾಸಿ ಬಸ್ಸುಗಳು ಅಲ್ಲಿನ ಗೋಲ್ಡನ್ ಟೆಂಪಲ್ ಮುಂದೆ ಒಂದು ಗಂಟೆ ನಿಲ್ಲುತ್ತವೆ. ಬುದ್ಧನ ಮುಂದೆ ಫೋಟೊ, ಒಂದು ಪ್ಲೇಟು ಮೋಮೊ, ಮುಗಿಯಿತು. ಆದರೆ 1960ರ ಆಚೀಚೆ ಊರಿಗೆ ಮರಳುವ ದಿನ ಕಾಯುತ್ತಾ ಇಲ್ಲಿ ಗುಡಾರ ಹಾಕಿದ ಟಿಬೆಟನ್ನರು ಕಾಡು ಕಡಿದು ಮುಸುಕಿನ ಜೋಳ ಬೆಳೆದರು, ಈಗ ಸಂತೆಯಲ್ಲಿ ನಮ್ಮ ಹಾಗೇ ಕನ್ನಡದಲ್ಲಿ ಚೌಕಾಸಿ ಮಾಡುತ್ತಾರೆ. ಬಸ್ಸಿನವರು ಅದನ್ನು ನೋಡುವುದಿಲ್ಲ, ನೋಡಲು ಹೊತ್ತೂ ಇಲ್ಲ.

ಆದರೆ ನನ್ನ ತಕರಾರು ಹೊತ್ತಿನದ್ದಲ್ಲ, ನೋಡುವ ಜಾಗಗಳ ಪಟ್ಟಿಯದ್ದು. ಮಂಗಳೂರೆಂಬ ಬಂದರು ನಗರಿಗೆ ಬಂದವರು ಎಲ್ಲ ನೋಡುತ್ತಾರೆ, ಹಳೇ ಬಂದರನ್ನೇ ನೋಡುವುದಿಲ್ಲ. ನೇತ್ರಾವತಿ, ಗುರುಪುರ ಹೊಳೆಗಳು ಸಮುದ್ರ ಸೇರುವ ಕಡೆಯ ಆ ಬಂದರ್ ಬೀದಿಗಳಲ್ಲಿ ಈಗಲೂ ಗೋದಾಮುಗಳಿವೆ, ಮರದ ಕೆತ್ತನೆಯ ಝೀನತ್ ಬಕ್ಷ್ ಮಸೀದಿ ಇದೆ, ಮೀನು ಇಳಿಸುವ ದಕ್ಕೆಯಲ್ಲಿ ಬೋಟುಗಳು ಒತ್ತೊತ್ತಾಗಿ ನಿಂತಿರುತ್ತವೆ. ಧರ್ಮಸ್ಥಳದಿಂದ ಇಳಿಯುವ ನಮ್ಮವರೂ ಬೀಚಿನ ಹೊತ್ತಲ್ಲಿ ಒಂದರ್ಧ ಗಂಟೆ ಕಡಿತ ಮಾಡಿ ಅತ್ತ ಹೋಗಬಹುದು. ಮೀನು ಇಳಿಯುವುದನ್ನು, ಹರಾಜು ಕೂಗುವುದನ್ನು ನೋಡಬೇಕಿದ್ದರೆ ಮಾತ್ರ ಬೆಳಗಿನ ಜಾವವೇ ಸರಿ. ಬಿಸಿಲೇರಿದ ಮೇಲೆ ಹೋದರೆ ಬಲೆ ಹೆಣೆಯುತ್ತ ಕೂತವರಷ್ಟೇ ಸಿಗುತ್ತಾರೆ. ಮಾತಾಡುವುದಕ್ಕೆ ಅವರೇ ವಾಸಿ.