ಐನೂರ ಹತ್ತು ಕಿರುಹೊತ್ತಗೆಗಳು ಮತ್ತು ಅರವತ್ತುಮೂವರು ಶಲಾಕಾಪುರುಷರು

ಕನ್ನಡ ವಿಭಾಗಗಳಲ್ಲಿ ನಾವು ಪಂಪನನ್ನು ಪಾಠ ಹೇಳುತ್ತೇವೆ, ವಡ್ಡಾರಾಧನೆಯ ಗದ್ಯವನ್ನು ಬಿಡಿಸಿ ತೋರಿಸುತ್ತೇವೆ, ನವ್ಯ ಬಂಡಾಯಗಳ ಬಗ್ಗೆ ವಿಚಾರಸಂಕಿರಣ ನಡೆಸುತ್ತೇವೆ. ಆದರೆ ಪಠ್ಯಪುಸ್ತಕದ ಆಚೆಗೆ ನಮ್ಮ ಕೈಗೆ ಮೊದಲು ಬಂದ ಪುಸ್ತಕ ಯಾವುದು ಎಂದು ನಮ್ಮನ್ನು ನಾವೇ ಕೇಳಿಕೊಳ್ಳುವುದು ಅಪರೂಪ. ನನ್ನ ತಲೆಮಾರಿನ ಬಹುಮಂದಿಯ ಉತ್ತರ ‘ಭಾರತ-ಭಾರತಿ ಪುಸ್ತಕ ಸಂಪದ’ ಎಂದೇ ಇರುತ್ತದೆ. ಒಂದು ಭಾಷಾಸಮುದಾಯದ ಓದಿನ ಅಭಿರುಚಿಯನ್ನೂ ಚರಿತ್ರೆಯ ಕಲ್ಪನೆಯನ್ನೂ ಇಷ್ಟು ಎಳವೆಯಲ್ಲಿ ರೂಪಿಸಿದ ಮಾಲೆಯೊಂದನ್ನು ನಾವು ಸಾಹಿತ್ಯಕೃತಿಯಾಗಿ ಓದಿಯೇ ಇಲ್ಲವೆಂಬುದು ಈ ಬರಹದ ತಕರಾರು. ಹಾಗೆ ಓದಿದಾಗ ಏನು ಕಾಣುತ್ತದೆ ಎಂಬುದನ್ನು ಜೈನ ಪುರಾಣಗಳ ವಿದ್ಯಾರ್ಥಿಯಾಗಿ ಇಲ್ಲಿ ಹೇಳಬಯಸುತ್ತೇನೆ.

ಬೆಂಗಳೂರಿನ ರಾಷ್ಟ್ರೋತ್ಥಾನ ಪರಿಷತ್ತು ಎಪ್ಪತ್ತರ ದಶಕದಲ್ಲಿ ಹೊರತರಲಾರಂಭಿಸಿದ ಮಾಲೆ ಇದು. ಒಬ್ಬ ವ್ಯಕ್ತಿಗೆ ಒಂದು ಕಿರುಹೊತ್ತಗೆ ಎಂಬ ಲೆಕ್ಕದಲ್ಲಿ ಒಟ್ಟು 510 ಪುಸ್ತಕಗಳು ಬಂದವು. ಪುರಾಣಪುರುಷರು, ಅರಸರು, ಸಂತರು, ಕವಿಗಳು, ವಿಜ್ಞಾನಿಗಳು, ಸ್ವಾತಂತ್ರ್ಯ ಹೋರಾಟಗಾರರು ಎಲ್ಲರಿಗೂ ಒಂದೇ ಅಳತೆ, ಒಂದೇ ಬಗೆಯ ಅಂಗಿ. ಇದರ ಸಂಪಾದಕತ್ವ ಪ್ರೊ. ಎಲ್.ಎಸ್. ಶೇಷಗಿರಿರಾಯರದು (1925–2019). ಅವರು ಇಂಗ್ಲಿಷ್ ಅಧ್ಯಾಪಕರು, ವಿಮರ್ಶಕರು, ಸಾಹಿತ್ಯಚರಿತ್ರಕಾರರು, ಉಡುಪಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಅಂಥವರು ಮಕ್ಕಳ ಪುಸ್ತಕಗಳ ಕರಡು ತಿದ್ದಲು ವರ್ಷಗಳನ್ನು ಕೊಟ್ಟರೆಂಬುದೇ ಗಮನಾರ್ಹ ಸಂಗತಿ.

ನಾನು ಇವನ್ನು ಓದಿದ್ದು ಕೊಪ್ಪ ತಾಲ್ಲೂಕಿನ ಭಂಡಿಗಡಿಯಲ್ಲಿ. ನಾಲ್ಕು ತಿಂಗಳು ಬಿಡದೆ ಸುರಿಯುವ ಮಳೆಯ ಊರಿನಲ್ಲಿ ಪುಸ್ತಕದಂಗಡಿ ಎಂಬುದು ದೂರದ ಮಾತು. ಒಂದು ಮನೆಗೆ ಬಂದ ಹೊತ್ತಗೆ ಹತ್ತು ಮನೆ ಸುತ್ತುತ್ತಿತ್ತು. ಅಂಗಿಯ ಜೇಬಿನಲ್ಲಿ ಹಿಡಿಸುವ ಗಾತ್ರ, ಒಂದು ಸಂಜೆಗೆ ಮುಗಿಯುವ ಕಥೆ. ಕಿತ್ತೂರು ಚೆನ್ನಮ್ಮ, ಜಗದೀಶಚಂದ್ರ ಬೋಸ್, ವಿಶ್ವೇಶ್ವರಯ್ಯ ಇವರೆಲ್ಲ ಹೀಗೆ ಕಾಲ ದೇಶಗಳ ಅಂತರವಿಲ್ಲದೆ ನಮ್ಮ ನೆರೆಹೊರೆಯವರಾದರು. ಶಿವರಾಮ ಕಾರಂತರ ‘ಬಾಲಪ್ರಪಂಚ’ದಂಥ ಬೃಹತ್ ಸಂಪುಟಗಳು ಹಳ್ಳಿಯ ಮನೆಗಳಿಗೆ ಅಷ್ಟು ಸುಲಭವಾಗಿ ಬರುವಂಥವಲ್ಲ. ಈ ಮಾಲೆ ಬರುತ್ತಿತ್ತು.

ಈಚೆಗೆ ಕೆಲವು ಡಜನ್ ಹೊತ್ತಗೆಗಳನ್ನು ಒಟ್ಟಿಗೆ ಇಟ್ಟುಕೊಂಡು ಮರಳಿ ಓದಿದೆ. ಮೊದಲು ಗಮನ ಸೆಳೆದದ್ದು ಅವುಗಳ ಗದ್ಯ. ಅನೇಕ ಲೇಖಕರು ಬರೆದಿದ್ದರೂ ಧ್ವನಿ ಬಹುಮಟ್ಟಿಗೆ ಒಂದೇ: ಚಿಕ್ಕ ವಾಕ್ಯ, ಒಂದು ವಾಕ್ಯಕ್ಕೆ ಒಂದು ಕ್ರಿಯೆ, ಸಣ್ಣ ಸಣ್ಣ ಉಪಶೀರ್ಷಿಕೆಗಳಲ್ಲಿ ಒಡೆದ ಜೀವನ. ಮಕ್ಕಳಿಗೆಂದು ಭಾಷೆಯನ್ನು ಜೋಲುಮಾಡುವ, ಮುದ್ದುಗರೆಯುವ ಚಾಳಿ ಇಲ್ಲಿಲ್ಲ. ಕನ್ನಡದ ಜೀವನಚರಿತ್ರೆಯ ಗದ್ಯವನ್ನು ಕುರಿತು ಬರೆಯುವ ಯಾರೇ ಆಗಲಿ ಇದನ್ನು ಬಿಟ್ಟು ಮುಂದೆ ಹೋಗಲಾಗದು.

ಎರಡನೆಯದಾಗಿ ಕಂಡದ್ದು ಚೌಕಟ್ಟು. ಎಳವೆಯಲ್ಲೇ ಹಿರಿಮೆಯ ಸೂಚನೆ, ಗುರುವಿನ ದೊರೆಯುವಿಕೆ, ಎದುರಾದ ಕಷ್ಟ, ಛಲ, ಸಾಧನೆ, ತ್ಯಾಗ ಅಥವಾ ಶಾಂತ ನಿರ್ಗಮನ, ಕೊನೆಯಲ್ಲಿ ನಮಗೊಂದು ಸಂದೇಶ. ವಿಜ್ಞಾನಿಯಾಗಲಿ ಸೇನಾನಿಯಾಗಲಿ ಹಳಿ ಇದೇ. ಬಾಲ್ಯದಲ್ಲಿ ಈ ಹಳಿ ಕಾಣುವುದಿಲ್ಲ, ರೈಲು ಮಾತ್ರ ಕಾಣುತ್ತದೆ. ಹತ್ತು ಪುಸ್ತಕಗಳನ್ನು ಒಂದರ ಪಕ್ಕ ಒಂದಿಟ್ಟಾಗ ಹಳಿ ಎದ್ದು ಕಾಣುತ್ತದೆ.

ಮಹಾಪುರುಷರ ಜೀವನಗಳನ್ನು ಒಂದೇ ಚೌಕಟ್ಟಿನಲ್ಲಿ ಮಾಲೆಯಾಗಿ ಕಟ್ಟುವುದು ಕನ್ನಡಕ್ಕೆ ಹೊಸತಲ್ಲ. ಚಾವುಂಡರಾಯನು ಕ್ರಿ.ಶ. 978ರಲ್ಲಿ ಮುಗಿಸಿದ ‘ತ್ರಿಷಷ್ಟಿಲಕ್ಷಣ ಮಹಾಪುರಾಣ’ ನಮ್ಮ ಭಾಷೆಯ ಅಂಥ ಮೊದಲ ದೊಡ್ಡ ಗದ್ಯಮಾಲೆ. ಇಪ್ಪತ್ತನಾಲ್ಕು ತೀರ್ಥಂಕರರು, ಹನ್ನೆರಡು ಚಕ್ರವರ್ತಿಗಳು, ಒಂಬತ್ತು ಬಲದೇವರು, ಒಂಬತ್ತು ವಾಸುದೇವರು, ಒಂಬತ್ತು ಪ್ರತಿವಾಸುದೇವರು: ಒಟ್ಟು ಅರವತ್ತುಮೂವರು. ಸಂಕ್ಷೇಪ, ಪುನರಾವರ್ತಿತ ವಿನ್ಯಾಸ, ಸಾಮಾನ್ಯ ಓದುಗನ ಮೇಲಿನ ಕಣ್ಣು ಇವುಗಳಲ್ಲಿ ಭಾರತ-ಭಾರತಿ ತನಗರಿವಿಲ್ಲದೆಯೇ ಈ ಪರಂಪರೆಯ ಕುಡಿ. ಆದರೆ ಎರಡು ಮುಖ್ಯ ಸಂಗತಿಗಳಲ್ಲಿ ಹಳೆಯ ಮಾಲೆಯು ಹೊಸದಕ್ಕಿಂತ ಧೈರ್ಯದ್ದು.

ಮೊದಲನೆಯದು ಎದುರಾಳಿಯ ಸ್ಥಾನ. ಅರವತ್ತುಮೂವರ ಪಟ್ಟಿಯ ಕೊನೆಯ ಒಂಬತ್ತು ಮಂದಿ ಯಾರು? ವಾಸುದೇವರ ಶತ್ರುಗಳು. ರಾವಣ, ಜರಾಸಂಧ ಇವರು ಸೋತವರು, ಕೊಲೆಯಾದವರು; ಆದರೂ ಶಲಾಕಾಪುರುಷರು. ಅವರನ್ನು ಕೊಂದ ವಾಸುದೇವನಿಗೂ ಬಿಡುಗಡೆಯಿಲ್ಲ. ಜೈನ ರಾಮಕಥೆಯಲ್ಲಿ ರಾವಣನನ್ನು ಕೊಲ್ಲುವ ಲಕ್ಷ್ಮಣ ನರಕಕ್ಕೆ ಹೋಗಿ ಆ ಹಿಂಸೆಯ ಫಲ ಉಣ್ಣಬೇಕು. ನಾಗಚಂದ್ರನ ರಾವಣನಂತೂ ತನ್ನ ತಪ್ಪನ್ನು ತಾನೇ ಕಂಡು ಕರಗುತ್ತಾನೆ, ಬಿ.ಎಂ. ಶ್ರೀಕಂಠಯ್ಯನವರು ಅವನಲ್ಲಿ ದುರಂತನಾಯಕನನ್ನು ಕಂಡದ್ದು ಸುಮ್ಮನಲ್ಲ. ನಾನು ಮರಳಿ ಓದಿದ ಭಾರತ-ಭಾರತಿಯ ಹೊತ್ತಗೆಗಳಲ್ಲಿ ಎದುರಾಳಿಗೆ ಇಂಥ ಸ್ವಂತ ಮುಖವಿರುವುದು ತೀರ ವಿರಳ. ನಾಯಕನ ಕತ್ತಿಗೆ ಎದುರು ಬೇಕೆಂದು ಅವನು ಬರುತ್ತಾನೆ, ಬಿದ್ದು ಹೋಗುತ್ತಾನೆ.

ಎರಡನೆಯದು ನಾಯಕನ ಜಾರುವಿಕೆ. ಪಂಪನ ‘ಆದಿಪುರಾಣ’ ಮೊದಲ ತೀರ್ಥಂಕರನ ಕಥೆಯನ್ನು ಅವನ ಹಿಂದಿನ ಭವಗಳಿಂದ ಆರಂಭಿಸುತ್ತದೆ. ಭೋಗದಲ್ಲಿ ಮೈಮರೆತ ಭವಗಳನ್ನು ದಾಟಿಯೇ ಆ ಜೀವ ತೀರ್ಥಂಕರತ್ವಕ್ಕೆ ಬರಬೇಕು. ಅವನ ಮಗ ಭರತನನ್ನು ನೋಡಿ. ಈ ದೇಶಕ್ಕೆ ಹೆಸರು ಬಂದದ್ದು ಅವನಿಂದ ಎಂಬುದು ಜೈನ ಪರಂಪರೆಯ ನಂಬಿಕೆ. ದಿಗ್ವಿಜಯ ಮುಗಿಸಿ ವೃಷಭಾಚಲದ ಮೇಲೆ ತನ್ನ ಕೀರ್ತಿಯನ್ನು ಕೆತ್ತಿಸಲು ಹೋದರೆ ಅಲ್ಲಿ ಜಾಗವೇ ಇಲ್ಲ. ಹಿಂದಿನ ಚಕ್ರವರ್ತಿಗಳ ಹೆಸರುಗಳಿಂದ ಬೆಟ್ಟ ತುಂಬಿಹೋಗಿದೆ. ಒಂದು ಹೆಸರನ್ನು ಅಳಿಸಿ ಅವನು ತನ್ನದನ್ನು ಬರೆಸಬೇಕಾಗುತ್ತದೆ. ಮುಂದೆ ತಮ್ಮ ಬಾಹುಬಲಿಯ ಎದುರು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ಸೋತು, ನಿಯಮ ಮೀರಿ ಚಕ್ರವನ್ನೇ ಪ್ರಯೋಗಿಸುತ್ತಾನೆ. ಗೆದ್ದ ಬಾಹುಬಲಿಗೂ ತಪಸ್ಸಿನ ನಡುವೆ ಒಂದು ಮುಳ್ಳು ಉಳಿದಿರುತ್ತದೆ. ಅದು ಕಳಚುವವರೆಗೆ ಕೇವಲಜ್ಞಾನವಿಲ್ಲ. ಶ್ರವಣಬೆಳಗೊಳದ ಮೂರ್ತಿಯ ನಿಲುವಿನ ಹಿಂದೆ ಇಷ್ಟು ಕಥೆಯಿದೆ.

ಚಂದ್ರಗುಪ್ತನ ಉದಾಹರಣೆಯನ್ನೂ ತೆಗೆದುಕೊಳ್ಳಬಹುದು. ನಮ್ಮ ಕಾಲದ ಮಕ್ಕಳ ಪುಸ್ತಕಗಳಲ್ಲಿ ಅವನ ಬಾಳಿನ ಶಿಖರ ಸಾಮ್ರಾಜ್ಯ ಸ್ಥಾಪನೆ. ವಡ್ಡಾರಾಧನೆಯ ಭದ್ರಬಾಹು ಭಟಾರರ ಕಥೆಯಲ್ಲಾದರೋ ಸಾಮ್ರಾಜ್ಯ ಒಂದು ಮೆಟ್ಟಿಲು ಮಾತ್ರ. ಹನ್ನೆರಡು ವರ್ಷಗಳ ಕ್ಷಾಮದ ಸೂಚನೆ, ದಕ್ಷಿಣದತ್ತ ನಡಿಗೆ, ಕಳ್ಬಪ್ಪುವಿನ ಬೆಟ್ಟದಲ್ಲಿ ಗುರುವಿನ ಸೇವೆ ಇವುಗಳಿಗೆ ಅಲ್ಲಿ ತೂಕ. ಅದೇ ಕೃತಿ ಚಾಣಕ್ಯನನ್ನೂ ಮಂತ್ರಿಯಾಗಿಯೇ ಬಿಡದೆ ಋಷಿಯಾಗಿಸಿ ಕಥೆ ಮುಗಿಸುತ್ತದೆ. ಜೀವನವನ್ನು ಎಲ್ಲಿ ನಿಲ್ಲಿಸುತ್ತೇವೆ ಎಂಬುದರಲ್ಲೇ ಅದರ ಅರ್ಥ ಅಡಗಿದೆ. ಭಾರತ-ಭಾರತಿಯಂಥ ಮಾಲೆಗಳು ಹೆಚ್ಚಾಗಿ ಸಾಧನೆಯಲ್ಲಿ ನಿಲ್ಲಿಸುತ್ತವೆ. ಪುರಾಣಕಾರರು ಸಾಧನೆಯ ಆಚೆಗೆ ನಡೆದು ಅದರ ಬೆಲೆ ಕೇಳುತ್ತಾರೆ.

ಇದಕ್ಕೆ ಬರಬಹುದಾದ ಆಕ್ಷೇಪ ನನಗೆ ಗೊತ್ತಿದೆ. ಹತ್ತು ವರ್ಷದ ಮಗುವಿಗೆ ಆದರ್ಶ ಬೇಕು; ಪಶ್ಚಾತ್ತಾಪ, ಕರ್ಮಫಲ, ವೈರಾಗ್ಯಗಳ ಜಟಿಲತೆ ಏಕೆ ಎಂಬುದು ಆ ಪ್ರಶ್ನೆ. ಉತ್ತರಕ್ಕೆ ಗ್ರಂಥಭಂಡಾರಕ್ಕೆ ಹೋಗಬೇಕಿಲ್ಲ. ಕೊಪ್ಪ, ಶೃಂಗೇರಿ ಸೀಮೆಯಲ್ಲಿ ಹಗಲು ಈ ಹೊತ್ತಗೆ ಓದಿದ ಅದೇ ಮಗು ರಾತ್ರಿ ಕಂಬಳಿ ಹೊದ್ದು ಯಕ್ಷಗಾನದ ಎದುರು ಕುಳಿತಿರುತ್ತಿತ್ತು. ಅಲ್ಲಿ ರಾವಣನಿಗೆ ಅಬ್ಬರದ ಪ್ರವೇಶವಿದೆ, ಕೌರವನಿಗೆ ತನ್ನ ಪಕ್ಷವನ್ನು ಹೇಳಿಕೊಳ್ಳಲು ಅರ್ಧ ಗಂಟೆಯ ಮಾತಿದೆ, ಕರ್ಣ ಬೀಳುವಾಗ ಸಭೆಯೆಲ್ಲ ಮೌನವಾಗುತ್ತದೆ. ಆ ಮಗುವಿಗೆ ಅದು ಭಾರವಾಗಲಿಲ್ಲ. ಸೋತವನ ದುಃಖವನ್ನು ಅರಿಯಲು ವಯಸ್ಸಾಗಬೇಕೆಂಬುದು ದೊಡ್ಡವರ ಊಹೆ. ಮಕ್ಕಳ ಪದ್ಯಗಳನ್ನೂ ಬೌದ್ಧ-ಜೈನ ಕಥೆಗಳನ್ನೂ ಒಂದೇ ಲೇಖನಿಯಿಂದ ಬರೆದ ಜಿ.ಪಿ. ರಾಜರತ್ನಂ ಅವರಿಗೆ ಈ ಎರಡು ಲೋಕಗಳ ನಡುವೆ ಗೋಡೆ ಕಂಡಿರಲಿಲ್ಲ.

ಮಾಲೆಯ ಚರ್ಚೆ ಬಂದಾಗಲೆಲ್ಲ ಎರಡು ಪಕ್ಷಗಳು ಸಿದ್ಧವಾಗಿರುತ್ತವೆ. ಪ್ರಕಾಶನ ಸಂಸ್ಥೆಯ ವೈಚಾರಿಕ ನಿಲುವನ್ನು ಹೇಳಿ ಪುಸ್ತಕ ತೆರೆಯದೆಯೇ ಪಕ್ಕಕ್ಕಿಡುವವರು ಒಂದು ಕಡೆ; ಬಾಲ್ಯದ ಮಧುರ ನೆನಪಿನಲ್ಲಿ ಪುಸ್ತಕವನ್ನು ತೆರೆಯದೆಯೇ ಕಣ್ಣಿಗೊತ್ತಿಕೊಳ್ಳುವವರು ಇನ್ನೊಂದು ಕಡೆ. ಇಬ್ಬರೂ ಓದಿದಂತಾಗಲಿಲ್ಲ. ನಿಲುವು ಎಂಬುದು ಮುಖಪುಟದ ಮೇಲಿನ ಮುದ್ರೆಯಲ್ಲಿರುವುದಿಲ್ಲ. ಯಾರನ್ನು ಆರಿಸಿದರು, ಯಾವ ಘಟನೆಗೆ ಎಷ್ಟು ಪುಟ ಕೊಟ್ಟರು, ಯಾವ ಸೋಲನ್ನು ಒಂದು ವಾಕ್ಯದಲ್ಲಿ ದಾಟಿದರು ಎಂಬುದರಲ್ಲಿರುತ್ತದೆ. ಅದನ್ನು ಪಠ್ಯದಿಂದ ತೋರಿಸುವುದೇ ನಮ್ಮ ವೃತ್ತಿ.

ಆದ್ದರಿಂದ ಸಂಶೋಧನ ವಿದ್ಯಾರ್ಥಿಗಳ ಮುಂದೆ ಮೂರು ಕೆಲಸಗಳನ್ನು ಇಡುತ್ತೇನೆ. ಒಂದು, 510 ಹೊತ್ತಗೆಗಳ ಮೊದಲ ಮುದ್ರಣಗಳನ್ನೂ ಮರುಮುದ್ರಣಗಳನ್ನೂ ಕಲೆಹಾಕಿ, ವಿಷಯ, ಕಾಲ, ಪ್ರದೇಶ, ಲೇಖಕರ ಸೂಚಿ ಸಿದ್ಧಪಡಿಸುವುದು. ಹೆಂಗಸರು ಎಷ್ಟು, ದುಡಿಯುವ ಸಮುದಾಯಗಳವರು ಎಷ್ಟು, ಕರ್ನಾಟಕದವರು ಎಷ್ಟು ಎಂಬ ಪ್ರಶ್ನೆಗಳಿಗೆ ಆಗಷ್ಟೇ ಉತ್ತರ ಸಿಕ್ಕೀತು. ಎರಡು, ಪಂಪ, ಮಹಾವೀರ, ಚಂದ್ರಗುಪ್ತರಂಥವರ ಆಧುನಿಕ ಬಾಲಜೀವನಿಗಳನ್ನು ಹಳಗನ್ನಡದ ಮೂಲಗಳ ಎದುರಿಟ್ಟು, ಏನು ಉಳಿಯಿತು, ಏನು ಬಿಟ್ಟುಹೋಯಿತು ಎಂದು ಸಾಲುಸಾಲಾಗಿ ಹೋಲಿಸುವುದು. ಮೂರು, ಶೇಷಗಿರಿರಾಯರ ವಿಮರ್ಶೆಯ ಜೊತೆಗೆ ಅವರ ಸಂಪಾದನೆಯನ್ನೂ ಅವರ ಸಾಹಿತ್ಯಕಾರ್ಯವೆಂದೇ ಪರಿಗಣಿಸುವುದು.

ಇದು ಗತಕಾಲದ ಲೆಕ್ಕಪತ್ರವಷ್ಟೇ ಅಲ್ಲ. ಹೊಸ ಮಕ್ಕಳಿಗಾಗಿ ಜೀವನಚರಿತ್ರೆಗಳು ಇಂದೂ ಬರುತ್ತಿವೆ. ಚಿತ್ರ ಬಣ್ಣವಾಗಿದೆ, ಹಳಿ ಮಾತ್ರ ಬದಲಾಗಿಲ್ಲ. ತಪ್ಪದ ನಾಯಕ, ಮುಖವಿಲ್ಲದ ಶತ್ರು ಎಂಬ ಜೋಡಿಯ ಮೇಲೆ ಬೆಳೆದ ಓದುಗ ದೊಡ್ಡವನಾದ ಮೇಲೆ ಚರಿತ್ರೆಯಲ್ಲೂ ಅದನ್ನೇ ಹುಡುಕುತ್ತಾನೆ, ಸಿಗದಿದ್ದರೆ ಸಿಟ್ಟಾಗುತ್ತಾನೆ. ತರಗತಿಯಲ್ಲಿ ನಾನು ದಿನವೂ ಕಾಣುವ ಸಿಟ್ಟು ಅದು. ಇನ್ನು ಮುಂದೆ ಮಕ್ಕಳಿಗಾಗಿ ಬರೆಯುವವರು ಭರತ ವೃಷಭಾಚಲದ ಎದುರು ನಿಂತ ಆ ಒಂದು ಗಳಿಗೆಯನ್ನು ತಮ್ಮ ನಾಯಕನ ಬಾಳಿನಲ್ಲೂ ಹುಡುಕಿ ಬರೆಯಲಿ. ಹತ್ತು ವರ್ಷದ ಓದುಗ ಅದನ್ನು ತಾಳಿಕೊಳ್ಳಬಲ್ಲ.