ಮೂಗಿಗೆ ಮಾರ್ಕು, ಕಾಲಿಗೆ ಸೊನ್ನೆ

ಜತ್ತ ತಾಲೂಕಿನ ಮಡಗ್ಯಾಳ ಅಂದರೆ ಈಗ ಬರೇ ಊರಿನ ಹೆಸರಲ್ಲ, ಕುರಿಯ ಹೆಸರು. ಸಾಂಗಲಿ, ಮಿರಜದಿಂದ ವಿಜಯಪುರದ ತನಕ ಕುರಿ ಸಾಕುವ ಮಂದಿಗೆಲ್ಲ ಅದರ ಗುರುತು ಬಾಯಿಪಾಠ. ಎತ್ತರದ ಮೈ, ಉದ್ದ ಕೊರಳು, ಜೋತುಬಿದ್ದ ಕಿವಿ, ಕೋಡಿಲ್ಲದ ತಲೆ, ಬಿಳಿ ಮೈಮ್ಯಾಲ ಕಂದು ಮಚ್ಚೆ, ಗಿಳಿಯ ಕೊಕ್ಕಿನಂಗ ಬಾಗಿದ ಮೂಗು. ಈ ಆರರಾಗ ಐದನ್ನು ಬಿಟ್ಟು ನಾವು ಮೂಗೊಂದನ್ನೇ ಹಿಡಕೊಂಡು ಕುಂತೀವಿ. ಇದರಿಂದ ತಳಿ ಕೆಡತೈತಿ ಅಂತ ನಾನು ಹೇಳತೀನಿ.

ಆಟಪಾಡಿ ಸಂತೆಯಾಗ ಒಂದು ಮಡಗ್ಯಾಳ ಟಗರಿಗೆ 70 ಲಕ್ಷ ರೂಪಾಯಿ ಕೇಳಿದರು, ಒಡೆಯ ಒಂದೂವರೆ ಕೋಟಿ ಬೇಕಂದ ಅಂತ 2020ರ ಡಿಸೆಂಬರದಾಗ ಪತ್ರಿಕೆಯಾಗ ಬಂದಿತ್ತು. ಒಡೆಯನ ಮ್ಯಾಲ ನನಗ ಸಿಟ್ಟಿಲ್ಲ. ಚಲೋ ಪ್ರಾಣಿ ಸಾಕಿದವನಿಗೆ ಚಲೋ ಬೆಲೆ ಬರಲಿ. ಆದರ ಅಂಥ ಸುದ್ದಿ ಓದಿದ ಹುಡುಗರು ಮರಿ ಹುಟ್ಟಿದ ಕೂಡಲೇ ಮೂಗು ನೋಡತಾರ, ಕಾಲು ನೋಡಂಗಿಲ್ಲ.

ಹುಡುಗರಷ್ಟೇ ಅಲ್ಲ, ಪಂಚರೂ ಹಂಗೇ. ಹೋದ ವರ್ಷ ಒಂದು ಜಾತ್ರೆಯ ಪ್ರದರ್ಶನ ನೋಡಿದೆ. ಪಂಚರು ಟಗರಿನ ಬಾಯಿ ತೆರೆಸಲಿಲ್ಲ, ಹತ್ತು ಹೆಜ್ಜೆ ನಡೆಸಲಿಲ್ಲ. ಮೂಗಿನ ಮ್ಯಾಲ ಕೈಯಾಡಿಸಿ ಬಹುಮಾನ ಬರೆದರು. ಗೆದ್ದ ಟಗರಿನ ಹಿಂಗಾಲು ಎರಡೂ ಒಳಗ ಬಾಗಿ ಒಂದಕ್ಕೊಂದು ತಿಕ್ಕುತಿದ್ದವು. ಅದಕ್ಕ ಹಾರ ಹಾಕಿದರು. ಮರುದಿನದಿಂದ ಅದನ್ನೇ ಬೀಜಕ್ಕ ಬಿಡತಾರ. ಅದರ ಮರಿಗಳ ಕಾಲು ಹೆಂಗಿರಬೇಕು?

ನಮ್ಮ ಸೀಮೆ ಬರದ ಸೀಮೆ. ಮೇವು ಹುಡುಕಿಕೊಂಡು ಹಿಂಡು ಹರದಾರಿಗಟ್ಟಲೆ ನಡೀಬೇಕು. ಇಲ್ಲಿ ಕುರಿಗೆ ಕಾಲೇ ಮೊದಲ ಆಸ್ತಿ. ಎರಡನೆಯದು ಬಾಯಿ. ಕುರಿಗೆ ಮ್ಯಾಲಿನ ಮುಂದಿನ ಹಲ್ಲು ಇರಂಗಿಲ್ಲ. ಕೆಳಗಿನ ಎಂಟು ಹಲ್ಲು ಮ್ಯಾಲಿನ ಗಟ್ಟಿ ವಸಡಿಗೆ ಸರಿಯಾಗಿ ಕೂಡಿದರೇ ಗಿಡ್ಡ ಹುಲ್ಲು ಕತ್ತರಿಸಾಕ ಬರತೈತಿ. ದವಡೆ ಹಿಂದುಮುಂದಾದರ ಹುಲ್ಲು ಕಣ್ಣಿಗೆ ಕಾಣತೈತಿ, ಹೊಟ್ಟಿಗೆ ಹೋಗಂಗಿಲ್ಲ. ಮೂಗು ಎಷ್ಟು ಬಾಗಿದ್ದರೂ ಬಾಯಿ ತೆರೆದು ನೋಡದವನು ಪಂಚನಲ್ಲ.

‘ಮೂಗೇ ಇಲ್ಲದಿದ್ದರ ಅದು ಮಡಗ್ಯಾಳ ಹೆಂಗ ಆದೀತು?’ ಅಂತ ಕೆಲವರು ಕೇಳತಾರ. ಸರಿಯಾದ ಪ್ರಶ್ನೆ. ಮೂಗು ಬ್ಯಾಡ ಅಂತ ನಾನು ಅನ್ನಂಗಿಲ್ಲ. ಗುರುತು ಬ್ಯಾರೆ, ಗುಣ ಬ್ಯಾರೆ. ಮೂಗು ನೋಡಿ ಒಳಗ ಬಿಡ್ರಿ, ಗುಣ ನೋಡಿ ಬಹುಮಾನ ಕೊಡ್ರಿ. ಮಿರಜದಾಗ ಸಿತಾರ, ತಂಬೂರಿ ಮಾಡುವವರ ಅಂಗಡಿಗೆ ಹೋಗ್ರಿ. ಸೋರೆಬುರುಡೆಯ ಹೊಳಪು, ಕೆತ್ತನೆ ಎಲ್ಲಾ ಚಂದ. ಆದರ ತಿಳಿದ ಗವಾಯಿ ತಂತಿ ಮೀಟದೆ ರೊಕ್ಕ ಎಣಿಸಂಗಿಲ್ಲ. ನಾನು ಡೊಳ್ಳಿನ ಪದ ಹಾಡುವವ. ರುಮಾಲು ಎಷ್ಟು ಚಂದ ಸುತ್ತಿದರೂ ದನಿ ಏಳದಿದ್ದರ ಮಂದಿ ಎದ್ದು ಹೋಗತಾರ. ಕುರಿ ವಿಷಯದಾಗ ಮಾತ್ರ ಯಾಕ ರುಮಾಲಿಗೆ ಬಹುಮಾನ?

ಇನ್ನೊಂದು ಕೇಡು ಕಣ್ಣಿಗೆ ಬೇಗ ಬೀಳಂಗಿಲ್ಲ. ಚಂದ ಮೂಗಿನ ಒಂದೇ ಟಗರನ್ನು ನಾಲ್ಕು ಊರಿಗೆ ಓಡಾಡಿಸತಾರ. ವರ್ಷ ಕಳೆದ ಮ್ಯಾಲ ಅದರ ಹೆಣ್ಣುಮರಿಗಳಿಗೂ ಅದನ್ನೇ ಬಿಡತಾರ. ನಮ್ಮ ಲಗ್ನದಾಗ ಬೆಡಗು ಕೇಳತೀವಿ, ಕುರಿಗೆ ಕೇಳಂಗಿಲ್ಲ. ರಕ್ತ ಸಮೀಪ ಆದಷ್ಟೂ ಮರಿ ಬಡಕಲಾಗತಾವ, ಸಾಯತಾವ.

ಮತ್ತ ಕರಿ ಕುರಿಯ ಗತಿ? ದಖನಿ ಕರಿ ಕುರಿಯ ಉಣ್ಣೆಯಿಂದ ಕಂಬಳಿ ಆಗತೈತಿ. ಮಡಗ್ಯಾಳಕ್ಕ ಉಣ್ಣೆ ತೀರ ಕಡಿಮೆ, ಅದು ಮಾಂಸದ ಕುರಿ. ಮೂಗಿನ ಆಸೆಗೆ ಕರಿ ಹಿಂಡಿಗೂ ಮಡಗ್ಯಾಳ ಟಗರು ಬಿಟ್ಟರ ನಾಳೆ ಬೀರಪ್ಪನ ಗುಡಿಯಾಗ ಹಾಸಾಕ ಗಿರಣಿಯ ಚಾದರೇ ಗತಿ.

ಅದಕ್ಕ ಜಾತ್ರೆ ಕಮಿಟಿಯವರಿಗೆ ನನ್ನ ಲೆಕ್ಕ ಇದು. ಒಟ್ಟು ಮಾರ್ಕು 100. ಕಾಲು, ಗೊರಸು, ನಡಿಗೆಗೆ 25. ಬಾಯಿ, ಹಲ್ಲಿಗೆ 20. ಎದೆ, ಬೆನ್ನಿಗೆ 15. ಬೀಜ ಎರಡೂ ಸಮ, ತುಂಬಿಕೊಂಡು ಇದ್ದರ 15. ತಾಯಿಯ ಹಾಲು, ಅದು ಸಾಕಿದ ಮರಿಗಳಿಗೆ 15. ಮೂಗು, ಕಿವಿ, ಬಣ್ಣ ಎಲ್ಲಾ ಕೂಡಿ 10. ಮಾಸ್ತರರು ಇದನ್ನು ಒಂದು ಹಾಳಿಯಾಗ ಬರೆದು ಮಂಟಪದ ಕಂಬಕ್ಕ ಹಚ್ಚಲಿ, ಯಾರಿಗೆ ಎಷ್ಟು ಬಂತು ಅಂತ ಮಂದಿ ಎದುರಿಗೆ ಓದಿ ಹೇಳಲಿ. ಟಗರಿನ ತಂದೆ, ತಾಯಿ ಯಾರು ಅಂತ ವಹಿಯಾಗ ಬರೀದವರ ಹೆಸರು ತಗೋಬ್ಯಾಡ್ರಿ. ಎರಡು ವರ್ಷಕ್ಕೊಮ್ಮೆ ಊರೂರಿಗೆ ಟಗರು ಬದಲಿ ಮಾಡಿಕೊಳ್ಳೋಣ. ಕವಠೇಮಹಾಂಕಾಳ ತಾಲೂಕಿನ ರಾಂಜಣಿಯಾಗ ಸರ್ಕಾರದ ಕುರಿ ಫಾರ್ಮ್ ಐತಿ, ಅಲ್ಲಿಯವರನ್ನೂ ಪಂಚರಾಗಿ ಕರೆಯೋಣ.

ನಾನು ಕಲಿತದ್ದು ಏಳನೆತ್ತೆ. ನನ್ನ ಲೆಕ್ಕದಾಗ ಹೆಚ್ಚುಕಡಿಮೆ ಇದ್ದರ ತಿದ್ದರಿ, ಬ್ಯಾಡ ಅನ್ನಂಗಿಲ್ಲ. ಆದರ ಮುಂದಿನ ಜಾತ್ರೆಯಾಗ ಟಗರಿನ ಬಾಯಿ ತೆರೆಸದೆ, ನಡೆಸದೆ ಹಾರ ಹಾಕಿದರ ನಾನು ಅಲ್ಲೇ ಎದ್ದು ನಿಂತು ಕೇಳಾಂವ.