ಡಬ್ಬಿಯಲ್ಲಿಟ್ಟರೆ ಫಲವಿಲ್ಲ

ಗೊರಕೆ ಕೇಳಿದರೆ ‘ಎಂಥ ಗಾಢ ನಿದ್ದೆ’ ಎನ್ನುತ್ತೇವೆ. ಆದರೆ ಗೊರಕೆ ಥಟ್ಟನೆ ನಿಂತು, 10 ಸೆಕೆಂಡಿಗೂ ಮೀರಿ ಉಸಿರಾಡದೆ, ಮತ್ತೆ ಏದುಸಿರಿನೊಂದಿಗೆ ಶುರುವಾಗುತ್ತಿದ್ದರೆ ಅದು ಸ್ಲೀಪ್ ಆಪ್ನಿಯ ಇರಬಹುದು. ಹಗಲಿನ ತೂಕಡಿಕೆ, ರಕ್ತದೊತ್ತಡ ಇದರ ಸಂಗಾತಿಗಳು.

ಒತ್ತಡದ ಗಾಳಿಯೂದುವ ಸಿಪ್ಯಾಪ್ ಯಂತ್ರ ಇದಕ್ಕೆ ಹೆಚ್ಚು ಪರಿಣಾಮಕಾರಿ. ಅದರ ಮುಖವಾಡ ಸಹಿಸದವರಿಗೆ ದಂತವೈದ್ಯರು ಹಲ್ಲಿನ ಅಚ್ಚು ತೆಗೆದು ಬಾಯಿಗೆ ತೊಡುವ ಸಾಧನ ಮಾಡಿಕೊಡುತ್ತಾರೆ. ಅದು ಕೆಳದವಡೆಯನ್ನು ತುಸು ಮುಂದಕ್ಕೆ ಹಿಡಿದು, ನಾಲಿಗೆಯ ಹಿಂದಿನ ಉಸಿರುದಾರಿಯನ್ನು ತೆರೆದಿಡುತ್ತದೆ.

ತೊಡಕಿರುವುದು ಆಮೇಲೆ. ಮೊದಮೊದಲು ಜೊಲ್ಲು ಸುರಿಯುತ್ತದೆ, ಬೆಳಗ್ಗೆ ದವಡೆ ನೋಯುತ್ತದೆ. ಕೆಲವರು ಅಷ್ಟಕ್ಕೇ ಬೇಸತ್ತು, ಇನ್ನು ಕೆಲವರು ‘ಗೊರಕೆ ನಿಂತಿತಲ್ಲ’ ಎಂದು ಸಮಾಧಾನಪಟ್ಟು, ಅದನ್ನು ಡಬ್ಬಿಗೆ ಸೇರಿಸುತ್ತಾರೆ. ಆದರೆ ಇದು ಕನ್ನಡಕದ ಹಾಗೆ. ಧರಿಸಿದಾಗ ಮಾತ್ರ ಕೆಲಸ. ತೆಗೆದಿಟ್ಟ ರಾತ್ರಿ ರೋಗ ಮರಳುತ್ತದೆ.

ಎಷ್ಟು ಗಂಟೆ ಧರಿಸಿದರೆಂದು ಬಾಯಿಯ ಶಾಖದಿಂದಲೇ ದಾಖಲಿಸುವ ಪುಟ್ಟ ಸಂವೇದಕವನ್ನು ಈಗ ಕೆಲವು ಸಾಧನಗಳಲ್ಲಿ ಅಳವಡಿಸುತ್ತಾರೆ. ಮನೆಯಲ್ಲಾದರೆ ಪಕ್ಕದಲ್ಲಿ ಮಲಗುವವರೇ ಕಾವಲು.

ನೋವು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಗ್ಗುತ್ತದೆ. ತಗ್ಗದಿದ್ದರೆ ಬಿಡಬೇಡಿ, ದಂತವೈದ್ಯರಲ್ಲಿ ಸರಿಪಡಿಸಿಕೊಳ್ಳಿ. ವರ್ಷಗಳು ಕಳೆದಂತೆ ಹಲ್ಲುಗಳು ಸ್ವಲ್ಪ ಸರಿಯಬಹುದು, ಆಗಾಗ ತೋರಿಸಿ. ಗೊರಕೆ ನಿಂತರೂ ಆಪ್ನಿಯ ಉಳಿದಿರಬಹುದಾದ್ದರಿಂದ, ಸಾಧನ ತೊಟ್ಟೇ ಮತ್ತೊಮ್ಮೆ ನಿದ್ರಾಪರೀಕ್ಷೆ ಮಾಡಿಸಿ.